ಸೆಷನ್: ಐರಿಷ್ ವಾದ್ಯಗೋಷ್ಠಿಯ ಇತಿಹಾಸ

ಐರ್ಲೆಂಡಿನ ಸಂಪ್ರದಾಯ ಸಂಗೀತಗಾರರು ಪಬ್ಬಿನಲ್ಲಿ ಮೇಜಿನ ಸುತ್ತ ಕುಳಿತು, ವೇದಿಕೆಯಾಗಲಿ ಪೂರ್ವನಿಶ್ಚಿತ ಕಾರ್ಯಕ್ರಮವಾಗಲಿ ಇಲ್ಲದೆ, ರೀಲ್, ಜಿಗ್ ಮೊದಲಾದ ನೃತ್ಯದ ಮಟ್ಟುಗಳನ್ನು ಒಡಗೂಡಿ ನುಡಿಸುವ ಗೋಷ್ಠಿಗೆ ಸೆಷನ್ ಎಂದು ಹೆಸರು. ಇದನ್ನು ಪುರಾತನ ಪದ್ಧತಿಯೆಂದು ಭಾವಿಸುವವರು ಬಹುಮಂದಿ. ಮಟ್ಟುಗಳಲ್ಲಿ ಅನೇಕವು 18 ಮತ್ತು 19ನೆಯ ಶತಮಾನಗಳವು ಎಂಬುದು ನಿಜವಾದರೂ, ಪಬ್ಬಿನಲ್ಲಿ ಕಲೆತು ನುಡಿಸುವ ಪರಿಪಾಟಿ ರೂಢಮೂಲವಾದದ್ದು ಎರಡನೆಯ ಮಹಾಯುದ್ಧದ ತರುವಾಯ, ಅದೂ ಲಂಡನ್ನಿನಲ್ಲಿ.

ಅದಕ್ಕೆ ಮುನ್ನ ಹಳ್ಳಿಗಾಡಿನಲ್ಲಿ ವಾದ್ಯಸಂಗೀತವು ನೃತ್ಯದ ಅನುಚರನಾಗಿದ್ದಿತು. ರೈತರ ಮನೆಯ ಅಡುಗೆಕೋಣೆಯಲ್ಲೋ ದಾರಿಗಳು ಕೂಡುವೆಡೆಯಲ್ಲೋ ನೆರೆಹೊರೆಯವರು ಕುಣಿಯಲು, ಪಿಟೀಲನ್ನೋ ಕೊಳಲನ್ನೋ ಕಾನ್ಸರ್ಟಿನಾವನ್ನೋ ಬಲ್ಲವರೊಬ್ಬರಿದ್ದರೆ ಸಾಕಾಗುತ್ತಿತ್ತು. 1935ರ ಸಾರ್ವಜನಿಕ ನೃತ್ಯಶಾಲಾ ಕಾಯಿದೆಯೇ ಈ ಮನೆಕೂಟಗಳನ್ನು ಅಳಿಸಿತೆಂಬ ಮಾತನ್ನು ವಿವೇಚಿಸಿ ಸ್ವೀಕರಿಸಬೇಕು. ಕಾಯಿದೆಯು ಪರವಾನಗಿಯನ್ನು ವಿಧಿಸಿದ್ದು ಸಾರ್ವಜನಿಕ ನೃತ್ಯಕ್ಕೆ. ಆದರೂ ಪಾದ್ರಿಗಳೂ ಪೊಲೀಸರೂ ಅದನ್ನು ಮನೆಗಳವರೆಗೆ ಚಾಚಿದರೆಂಬುದಕ್ಕೆ ಕ್ಲೇರ್ ಸೀಮೆಯ ಪಿಟೀಲುಗಾರ ಜೂನಿಯರ್ ಕ್ರೆಹನ್ ಮೊದಲಾದವರ ಸ್ಮೃತಿಕಥನಗಳು ಸಾಕ್ಷಿಯಾಗಿವೆ. ಹಳ್ಳಿಗಳನ್ನು ಬರಿದುಮಾಡಿದ ವಲಸೆಯ ಪಾಲೂ ಮನೆಕೂಟಗಳ ಅಳಿವಿನಲ್ಲಿ ಅಲ್ಪವಲ್ಲ.

ಯುದ್ಧಾನಂತರ ಕಟ್ಟಡ, ರಸ್ತೆಗಳ ಕೂಲಿಗಾಗಿ ಲಂಡನ್ನಿಗೆ ಬಂದ ಐರಿಷರಿಗೆ ಬಾಡಿಗೆಯ ಕಿರುಕೋಣೆಗಳಲ್ಲಿ ವಾದ್ಯ ನುಡಿಸಲು ಎಡೆಯಿರಲಿಲ್ಲ. ಕ್ಯಾಮ್ಡನ್ ಟೌನ್, ಕೆಂಟಿಷ್ ಟೌನ್, ಹಾಲೊವೇಗಳ ಪಬ್ಬುಗಳೇ ಅವರ ಅಡುಗೆಕೋಣೆಗಳಾದವು. ಮೊದಲ ಸೆಷನ್ 1947ರ ಸುಮಾರಿಗೆ ಕೆಂಟಿಷ್ ಟೌನಿನ ಡೆವನ್‌ಷೈರ್ ಆರ್ಮ್ಸ್‌ನಲ್ಲಿ ನಡೆಯಿತೆಂದು ಹೇಳುವುದುಂಟು. ಒಂದೇ ಸ್ಥಳಕ್ಕೆ ಇಂಥ ಕೀರ್ತಿಯನ್ನು ಕಟ್ಟುವುದು ಕಷ್ಟ. ಬೆಡ್‌ಫರ್ಡ್ ಆರ್ಮ್ಸ್ ಎಂಬ ಮತ್ತೊಂದು ಪಬ್ಬಿನಲ್ಲಿ ಮೈಕೆಲ್ ಗೋರ್ಮನ್‌ರ ಪಿಟೀಲಿಗೆ ಮಾರ್ಗರೆಟ್ ಬ್ಯಾರಿಯವರ ಬ್ಯಾಂಜೊ ಜೊತೆಗೂಡುತ್ತಿತ್ತು. ಹಾಲೊವೇಯ ಫೇವರಿಟ್ ಪಬ್ಬಿನ ಭಾನುವಾರದ ಗೋಷ್ಠಿಗಳ ಧ್ವನಿಮುದ್ರಣ 1968ರಲ್ಲಿ ಪ್ರಕಟವಾಯಿತು. ಅಲ್ಲಿ ಪಿಯಾನೊ ನುಡಿಸುತ್ತಿದ್ದ ರೆಗ್ ಹಾಲ್ ಮುಂದೆ ಈ ಚರಿತ್ರೆಯನ್ನು ಅತ್ಯಂತ ಶ್ರದ್ಧೆಯಿಂದ ದಾಖಲಿಸಿದರು.

ಬೇರೆ ಬೇರೆ ಸೀಮೆಗಳಿಂದ ಬಂದ ಅಪರಿಚಿತರು ಒಡನೆಯೇ ಒಂದಾಗಿ ನುಡಿಸಲು ಸಾಧ್ಯವಾದುದೇಕೆಂಬುದು ವಿಚಾರಾರ್ಹ. ಎಲ್ಲರೂ ಒಂದೇ ಮಟ್ಟನ್ನು ಏಕಸ್ವರವಾಗಿ ನುಡಿಸುವರು. ಸಾಮಾನ್ಯವಾಗಿ ಮಟ್ಟಿಗೆ ಎಂಟೆಂಟು ಆವರ್ತಗಳ ಎರಡು ಭಾಗಗಳು. ಎರಡು ಮೂರು ಸಲ ನುಡಿಸಿದ ಮೇಲೆ ಒಬ್ಬನು ತಲೆಯಾಡಿಸಿ ಮುಂದಿನದಕ್ಕೆ ಹೊರಳಿದರೆ, ಬಲ್ಲವರು ಬಿಡದೆ ಹಿಂಬಾಲಿಸುವರು. 1907ರಲ್ಲಿ ಫ್ರಾನ್ಸಿಸ್ ಓನೀಲ್ ಷಿಕಾಗೊದಲ್ಲಿ ಪ್ರಕಟಿಸಿದ 1001 ಮಟ್ಟುಗಳ ಸಂಕಲನವೂ, 1920ರ ದಶಕದಿಂದ ನ್ಯೂಯಾರ್ಕಿನಲ್ಲಿ ಮುದ್ರಿತವಾದ ಮೈಕೆಲ್ ಕೋಲ್ಮನ್‌ರ ಪಿಟೀಲುವಾದನದ ಗ್ರಾಮಫೋನ್ ತಟ್ಟೆಗಳೂ ಸಮಾನ ಸಂಗ್ರಹವೊಂದನ್ನು ಮೊದಲೇ ಒದಗಿಸಿದ್ದುವು.

1951ರಲ್ಲಿ ಮಲಿಂಗಾರಿನಲ್ಲಿ ಆರಂಭವಾದ ಸಂಗೀತೋತ್ಸವ, ಡಬ್ಲಿನ್ನಿನ ಓಡೊನಹ್ಯೂಸ್ ಪಬ್ಬು, 1973ರಿಂದ ಮಿಲ್ಟೌನ್ ಮಾಲ್ಬೇಯಲ್ಲಿ ನಡೆಯುತ್ತಿರುವ ವಿಲ್ಲಿ ಕ್ಲಾನ್ಸಿ ಬೇಸಗೆ ಶಾಲೆ ಇವು ಸೆಷನ್ನನ್ನು ಐರ್ಲೆಂಡಿನಲ್ಲಿ ನೆಲೆಗೊಳಿಸಿದುವು. ಈಚೆಗೆ ಪಬ್ಬಿನ ಯಜಮಾನರು ಇಬ್ಬರು ಮೂವರಿಗೆ ಸಂಭಾವನೆ ಕೊಟ್ಟು ಗೋಷ್ಠಿಯನ್ನು ನಡೆಸುವುದು ಸಾಮಾನ್ಯವಾಗಿದೆ. ಉಳಿದವರು ಬಂದು ಸೇರಿಕೊಳ್ಳುತ್ತಾರೆ.