ಕಾಶಿಯ ಎಂಜಿನುಗಳೂ ಎಣ್ಣೆಯ ಶೋಧಕವೂ

1956ನೆಯ ಇಸವಿಯ ಏಪ್ರಿಲ್ ತಿಂಗಳಿನಲ್ಲಿ ರಾಷ್ಟ್ರಪತಿ ರಾಜೇಂದ್ರ ಪ್ರಸಾದರು ಕಾಶಿಯ ಹೊರವಲಯದಲ್ಲಿ, ಮಂಡುವಾಡೀಹದ ಸಮೀಪ, ಡೀಸೆಲ್ ಲೋಕೋಮೋಟಿವ್ ಕಾರ್ಖಾನೆಗೆ ಅಡಿಗಲ್ಲನ್ನಿಟ್ಟಾಗ, ರೇಷ್ಮೆಯ ಮಗ್ಗ, ಹಿತ್ತಾಳೆಯ ಪಾತ್ರೆ, ಮರದ ದೋಣಿ ಇವುಗಳ ಕಸುಬಿಗೆ ಪ್ರಸಿದ್ಧವಾಗಿದ್ದ ಆ ಪುರಾತನ ನಗರಿಗೆ ಯಂತ್ರನಿರ್ಮಾಣವೆಂಬ ನೂತನ ವೃತ್ತಿಯೊಂದು ಪ್ರಾಪ್ತವಾಯಿತು. ಅಮೆರಿಕದ ಆಲ್ಕೋ ಸಂಸ್ಥೆಯ ಸಹಯೋಗದಿಂದ ಅಲ್ಲಿ ಸಿದ್ಧವಾದ ಮೊದಲ ಎಂಜಿನನ್ನು 1964ರ ಜನವರಿಯಲ್ಲಿ, ಅದೇ ಸೀಮೆಯಲ್ಲಿ ಹುಟ್ಟಿ ಬೆಳೆದ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ರಾಷ್ಟ್ರಕ್ಕೆ ಸಮರ್ಪಿಸಿದರು. 2,600 ಅಶ್ವಶಕ್ತಿಯ, ಹದಿನಾರು ಸಿಲಿಂಡರುಗಳ ಆ ಎಂಜಿನು ದೇಶದ ಮೂಲೆಮೂಲೆಗೂ ರೈಲುಗಳನ್ನು ಎಳೆದುದು ಸರ್ವವಿದಿತವಾದ ಸಂಗತಿ; ಆದರೆ ಅದರ ಒಡಲಿನಲ್ಲಿ ನೂರಾರು ಲೀಟರು ಎಣ್ಣೆಯನ್ನು ಅಹರ್ನಿಶಿ ಸೋಸುತ್ತಿದ್ದ ಶೋಧಕದ ಕಥೆಯನ್ನು ಕೇಳಿದವರು ವಿರಳ.

ಎಣ್ಣೆಯು ಎಂಜಿನಿನಲ್ಲಿ ಲೋಹಕ್ಕೆ ಲೋಹ ತಾಗದಂತೆ ಕಾಯುವುದಷ್ಟೇ ಅಲ್ಲ, ಸವೆದ ಲೋಹದ ಕಣ, ಇಂಧನದ ಮಸಿ, ಹೊರಗಿನ ಧೂಳು ಇವೆಲ್ಲವನ್ನೂ ತನ್ನಲ್ಲಿ ಹೊತ್ತು ತಿರುಗುತ್ತದೆ. ಆ ಹೊರೆಯನ್ನು ಇಳಿಸಿಕೊಳ್ಳುವುದೇ ಶೋಧಕದ ಧರ್ಮ. ರೈಲಿನ ಎಂಜಿನಿನಲ್ಲಿ ಇದಕ್ಕಾಗಿ ಉಕ್ಕಿನ ದೊಡ್ಡ ಪೀಪಾಯಿಯೊಂದಿದ್ದು, ಅದರೊಳಗೆ ಎಣ್ಣೆ ಸೋಸುವ ಕಾಗದದ ಹಲವು ಎಲಿಮೆಂಟುಗಳನ್ನು ನಿಲ್ಲಿಸಿರುತ್ತಾರೆ. ಅವಧಿ ತೀರಿದೊಡನೆ ಎಲಿಮೆಂಟುಗಳನ್ನು ಮಾತ್ರ ತೆಗೆದು ಹೊಸವನ್ನಿಡುತ್ತಾರೆ, ಪೀಪಾಯಿಯು ಅಲ್ಲಿಯೇ ಉಳಿಯುತ್ತದೆ.

ಮೋಟಾರು ಕಾರಿನ ಶೋಧಕಕ್ಕೂ ತನ್ನದೇ ಚರಿತ್ರೆಯುಂಟು. ಮೊದಮೊದಲ ಕಾರುಗಳಲ್ಲಿ ತಂತಿಯ ಜಾಲರಿಯ ಹೊರತು ಬೇರೆ ಶೋಧಕವಿರಲಿಲ್ಲವಾದುದರಿಂದ ಎಣ್ಣೆಯನ್ನು ಪದೇ ಪದೇ ಬದಲಾಯಿಸಬೇಕಾಗುತ್ತಿತ್ತು. 1923ರ ಸುಮಾರಿಗೆ ಅಮೆರಿಕದ ಅರ್ನೆಸ್ಟ್ ಸ್ವೀಟ್‌ಲ್ಯಾಂಡ್ ಎಂಬಾತನು ಪ್ಯೂರೋಲೇಟರ್ ಎಂಬ ಶೋಧಕವನ್ನು ರೂಪಿಸಿದನು. ಮರುವರ್ಷವೇ ಕ್ರೈಸ್ಲರ್ ಕಾರು ಎಣ್ಣೆಯ ಶೋಧಕದೊಡನೆ ಮಾರುಕಟ್ಟೆಗೆ ಬಂದಿತು. ಬಳಿಕ ಬಹುಕಾಲ ಶೋಧಕದ ಹೊರಗಿನ ಬಟ್ಟಲು ಕಾರಿನದಾಗಿಯೇ ಉಳಿದು ಒಳಗಿನ ಎಲಿಮೆಂಟು ಮಾತ್ರ ಬದಲಾಗುತ್ತಿದ್ದಿತು. 1950ರ ದಶಕದಲ್ಲಿ ಬಟ್ಟಲೂ ಎಲಿಮೆಂಟೂ ಒಂದೇ ಆಗಿ, ಕೈಯಿಂದಲೇ ತಿರುಗಿಸಿ ಕೂರಿಸುವ ಡಬ್ಬಿಯ ಶೋಧಕವು ಅವತರಿಸಿತು. ಮಿಸ್ತ್ರಿಗೆ ಅನುಕೂಲವಾದುದು ದಿಟ. ಆದರೆ ಅಂದಿನಿಂದ ಪ್ರತಿ ಬದಲಾವಣೆಯಲ್ಲಿಯೂ ಕಾಗದದೊಡನೆ ಉಕ್ಕೂ ರಬ್ಬರೂ ಕಸವಾಗತೊಡಗಿದವು.

ಈ ಡಬ್ಬಿಯ ರಚನೆ ಬಹು ಜಾಣತನದ್ದು. ತೆಳುವಾದ ಉಕ್ಕಿನ ತಗಡನ್ನು ಅಚ್ಚಿನಲ್ಲಿ ಒತ್ತಿ ಲೋಟದಂತೆ ಎಳೆದು, ಅದರೊಳಗೆ ರಾಳ ಹೀರಿಸಿ ಬಿಗಿಗೊಳಿಸಿದ ಕಾಗದವನ್ನು ನೆರಿಗೆ ನೆರಿಗೆಯಾಗಿ ಮಡಿಚಿ ನಿಲ್ಲಿಸುತ್ತಾರೆ. ನಡುವೆ ತೂತುಗಳುಳ್ಳ ಲೋಹದ ಕೊಳವೆ. ಎಂಜಿನು ನಿಂತಾಗ ಎಣ್ಣೆ ಹಿಂದಕ್ಕೆ ಹರಿಯದಂತೆ ತಡೆಯುವ ರಬ್ಬರಿನ ಕವಾಟ. ಕಾಗದ ಕಟ್ಟಿಕೊಂಡರೂ ಎಂಜಿನಿಗೆ ಎಣ್ಣೆಯ ಬರ ತಟ್ಟದಿರಲೆಂದು ಸ್ಪ್ರಿಂಗಿನ ಮತ್ತೊಂದು ಕವಾಟ. ಅಂಚಿನ ಸಣ್ಣ ರಂಧ್ರಗಳಿಂದ ಒಳಹೊಕ್ಕ ಎಣ್ಣೆಯು ನೆರಿಗೆಗಳನ್ನು ಹಾಯ್ದು, ಮಿಲಿಮೀಟರಿನ ನೂರನೆಯ ಒಂದೆರಡು ಪಾಲಿನಷ್ಟು ಸೂಕ್ಷ್ಮವಾದ ಕಣಗಳನ್ನೂ ಬಹುಮಟ್ಟಿಗೆ ಅಲ್ಲಿಯೇ ಬಿಟ್ಟು, ನಡುವಿನ ಕೊಳವೆಯಿಂದ ಹೊರಬೀಳುತ್ತದೆ. ಈ ನಡುವಿನ ಬಾಯಿಯು ಶುದ್ಧ ಎಣ್ಣೆಯ ದಾರಿಯಾದುದರಿಂದ, ಅಂಗಡಿಯ ಕಪಾಟಿನಲ್ಲಿರುವಾಗ ಅದರೊಳಕ್ಕೆ ಬಿದ್ದ ಧೂಳು ಸೋಸುವಿಕೆಗೆ ಸಿಕ್ಕದೆ ನೇರವಾಗಿ ಬೇರಿಂಗುಗಳನ್ನೇ ಸೇರುವುದು. ಆದಕಾರಣ ಪ್ಲಾಸ್ಟಿಕ್ಕಿನ ಮುಚ್ಚಳ, ಹಾಳೆ, ರಟ್ಟಿನ ಪೆಟ್ಟಿಗೆ ಇವು ಕೇವಲ ಅಲಂಕಾರವಲ್ಲ, ಶೋಧಕದ ಕಾರ್ಯದ ಭಾಗವೇ ಆಗಿವೆ. ನಕಲಿ ಮಾಲಿನ ಹಾವಳಿಯಿಂದ ಪೆಟ್ಟಿಗೆಯ ಮೇಲೆ ಹೊಳೆಯುವ ಹೋಲೋಗ್ರಾಮೂ ಬಂದು ಕುಳಿತಿತು.

ಹುಟ್ಟಿಗೆ ಇಷ್ಟೊಂದು ವಿಧಿಗಳುಳ್ಳ ಈ ವಸ್ತುವಿನ ಅಂತ್ಯಕ್ಕೆ ಮಾತ್ರ ಚಿರಕಾಲ ಯಾವ ವಿಧಿಯೂ ಇರಲಿಲ್ಲ. ಎಂಜಿನ್ ಎಣ್ಣೆಯನ್ನು ಮೋಬಿಲ್ ಎಂದೇ ಕರೆಯುವ ಕಾಶಿಯ ಸೀಮೆಯಲ್ಲಿ, ಸುಟ್ಟ ಮೋಬಿಲು ಕಾಂಕ್ರೀಟು ಸುರಿಯುವ ಅಚ್ಚಿನ ಹಲಗೆಗಳಿಗೆ ಬಳಿಯಲ್ಪಟ್ಟಿತು. ಡಬ್ಬಿಯು ಗುಜರಿಯವನ ಪಾಲಾಯಿತು, ಇಲ್ಲವೆ ಒಳಗಿನ ಎಣ್ಣೆಯ ಸಮೇತ ಕಸದ ರಾಶಿಯನ್ನು ಸೇರಿತು. 1986ರ ಜೂನ್ 14ರಂದು ಗಂಗಾ ಶುದ್ಧೀಕರಣ ಯೋಜನೆಯು ಕಾಶಿಯಲ್ಲಿಯೇ ಉದ್ಘಾಟಿತವಾಯಿತಾದರೂ ಅದರ ಮುಖ್ಯ ಚಿಂತೆ ಚರಂಡಿಯ ನೀರಾಗಿತ್ತು. 1989ರ ಅಪಾಯಕಾರಿ ತ್ಯಾಜ್ಯ ನಿಯಮಗಳೂ, ಅವುಗಳ ಸ್ಥಾನಕ್ಕೆ ಬಂದ 2008 ಮತ್ತು 2016ರ ನಿಯಮಗಳೂ ಬಳಸಿದ ಎಣ್ಣೆಯನ್ನು ಕಾನೂನಿನ ಅಧೀನಕ್ಕೆ ತಂದವು. 2024ರ ಏಪ್ರಿಲಿನಿಂದ ಅದನ್ನು ಮರುಶುದ್ಧೀಕರಣಕ್ಕೆ ಮುಟ್ಟಿಸುವ ಹೊಣೆಯನ್ನು ಎಣ್ಣೆಯ ಉತ್ಪಾದಕರ ಮೇಲೆಯೂ ಹೊರಿಸಲಾಗಿದೆ. ಗಂಗೆಯ ದೋಣಿಗಳ ಡೀಸೆಲ್ ಎಂಜಿನುಗಳನ್ನು ಸಿಎನ್‌ಜಿಗೆ ಪರಿವರ್ತಿಸುವ ಕಾರ್ಯವೂ ಇತ್ತೀಚಿನ ವರ್ಷಗಳಲ್ಲಿ ನಡೆದಿದೆ. ಅದರಿಂದ ಹೊಗೆ ಕುಗ್ಗಿತು, ಆದರೆ ಅನಿಲದಿಂದ ಓಡುವ ಎಂಜಿನಿಗೂ ಎಣ್ಣೆ ಬೇಕು, ಆ ಎಣ್ಣೆಯೂ ಒಂದು ದಿನ ಕಪ್ಪಾಗುತ್ತದೆ.

ಮಾಡತಕ್ಕುದು ದುಸ್ಸಾಧ್ಯವೇನಲ್ಲ. ಎಂಜಿನು ಬೆಚ್ಚಗಿರುವಾಗ ಡಬ್ಬಿಯನ್ನು ಬಿಚ್ಚಿ, ತಲೆಗೊಂದು ತೂತು ಕೊರೆದು, ಎಣ್ಣೆಯೆಲ್ಲ ಬಸಿಯುವವರೆಗೆ ಮಗುಚಿಡಬೇಕು. ಬಸಿದ ಎಣ್ಣೆ ಮರುಶುದ್ಧೀಕರಣಕ್ಕೂ, ಚಪ್ಪಟೆಯಾದ ಉಕ್ಕು ಕುಲುಮೆಗೂ ಹೋಗಬೇಕು. ಈಚಿನ ಹಲವು ಕಾರುಗಳು ಎಲಿಮೆಂಟನ್ನು ಮಾತ್ರ ಬದಲಾಯಿಸುವ ಹಳೆಯ ಕ್ರಮಕ್ಕೇ ಮರಳಿರುವುದು, ಮಂಡುವಾಡೀಹದ ಎಂಜಿನುಗಳ ಪೀಪಾಯಿಯಲ್ಲಿದ್ದ ವಿವೇಕಕ್ಕೆ ದೊರೆತ ಮನ್ನಣೆಯೆಂದು ನಾನು ಭಾವಿಸುತ್ತೇನೆ. ಶೋಧಕವು ಕೊಳೆಯನ್ನು ನಾಶಮಾಡುವುದಿಲ್ಲ, ಒಂದೆಡೆ ಕೂಡಿಹಾಕುತ್ತದೆ ಅಷ್ಟೆ. ಮುಂದಿನ ಕೆಲಸ ಮನುಷ್ಯನದು. ಹನುಮಾನ್ ಘಾಟಿನ ಪಕ್ಕದಲ್ಲಿ ಮೈಸೂರು ಸಂಸ್ಥಾನವು ಕಟ್ಟಿಸಿದ ಘಟ್ಟದಲ್ಲಿ ಸ್ನಾನಕ್ಕಿಳಿಯುವ ಕನ್ನಡದ ಯಾತ್ರಿಕರು ಒಂದನ್ನು ನೆನೆಯಬೇಕು: ಕಾಶಿಯಲ್ಲಿ ಗಂಗೆ ಉತ್ತರವಾಹಿನಿ, ಊರಿನ ಕೊಳೆ ಹೊತ್ತ ಅಸ್ಸಿಯ ನಾಲೆ ಅವಳನ್ನು ಸೇರುವುದು ಆ ಘಟ್ಟಕ್ಕೆ ದಕ್ಷಿಣದಲ್ಲಿ; ಆದುದರಿಂದ ನಾಲೆ ತಂದುದೆಲ್ಲ ಆ ಘಟ್ಟದ ಕಡೆಗೇ ಹರಿದುಬರುತ್ತದೆ. ಊರಿನ ಗ್ಯಾರೇಜಿನಲ್ಲಾಗಲಿ ಕಾಶಿಯಲ್ಲಾಗಲಿ, ಎಣ್ಣೆ ಬದಲಾಯಿಸಿದಾಗ ಹಳೆಯ ಡಬ್ಬಿ ಎಲ್ಲಿಗೆ ಹೋಗುತ್ತದೆಂದು ಮಿಸ್ತ್ರಿಯನ್ನು ಒಂದು ಮಾತು ಕೇಳಿರಿ.