ಊರಿಗೊಂದು ಕಾಡು: ಕೊಡಗಿನ ದೇವರಕಾಡುಗಳ ಚರಿತ್ರೆ

ಕೊಡಗಿನಲ್ಲಿ ಊರಿಗೊಂದು ದೇವರು, ಆ ದೇವರಿಗೊಂದು ಕಾಡು. ಕೆಲವು ಊರುಗಳಿಗೆ ಎರಡು ಮೂರು ದೇವರಕಾಡುಗಳೂ ಉಂಟು. ದಾಖಲೆಯಲ್ಲಿರುವ ದೇವರಕಾಡುಗಳು 1,214. ಒಟ್ಟು ವಿಸ್ತೀರ್ಣ ಸುಮಾರು 2,550 ಹೆಕ್ಟೇರು. ಸರಾಸರಿ ತೆಗೆದರೆ ಒಂದಕ್ಕೆ ಐದು ಎಕರೆಗಿಂತ ತುಸು ಹೆಚ್ಚು. ಆದರೆ ಈ ಸರಾಸರಿಯನ್ನು ನಂಬಿ ಹೊರಟವರಿಗೆ ನೆಲದ ಮೇಲೆ ಕಾಣುವುದು ಬೇರೆ: ಒಂದು ಕಡೆ ಹಗಲಲ್ಲೂ ಬಿಸಿಲು ಇಳಿಯದ ದಟ್ಟ ಕಾಡು, ಇನ್ನೊಂದು ಕಡೆ ಕಾಫಿ ತೋಟದ ನಡುವೆ ನಾಲ್ಕು ಮರ, ಒಂದು ಕಲ್ಲು. ಮಲೆನಾಡಿನ ದೇವರ ಬನ, ಕರಾವಳಿಯ ನಾಗಬನ, ಕೇರಳದ ಕಾವು ಇವೆಲ್ಲ ಇದೇ ಬಳಗದವು. ಸುಮಾರು 4,100 ಚದರ ಕಿಲೋಮೀಟರಿನ ಪುಟ್ಟ ಜಿಲ್ಲೆಯೊಂದರಲ್ಲಿ ಇಷ್ಟು ಒತ್ತಾಗಿ ಇವು ಉಳಿದಿರುವುದು ಮಾತ್ರ ಕೊಡಗಿನ ವಿಶೇಷ.

ಈ ಕಾಡುಗಳಲ್ಲಿ ಅಯ್ಯಪ್ಪ, ಭಗವತಿ, ಈಶ್ವರ, ಚಾಮುಂಡಿ ಮೊದಲಾದ ಅನೇಕ ದೈವಗಳಿವೆ. ಇಲ್ಲಿನ ಅಯ್ಯಪ್ಪ ಬೇಟೆಗಾರ. ನಾಯಿಗಳೊಡನೆ ಕಾಡು ಸುತ್ತುವ ದೇವರಾದ್ದರಿಂದ ಅವನಿಗೆ ಸಲ್ಲುವ ಹರಕೆಯೂ ಮಣ್ಣಿನ ನಾಯಿಗಳೇ. ಹಳೆಯ ಬನಗಳಲ್ಲಿ ಮರದ ಬುಡದಲ್ಲಿ ಇಂಥ ನಾಯಿಗಳು ರಾಶಿ ಬಿದ್ದಿರುತ್ತವೆ. ಮೇಲಿನವು ಹೊಸವು, ಕೆಳಗಿನವು ಕರಗಿ ಮತ್ತೆ ಮಣ್ಣಾಗುತ್ತಿರುವಂಥವು. ಬಹುಕಾಲ ಈ ದೈವಗಳಿಗೆ ಗುಡಿ ಇರಲಿಲ್ಲ, ಇದ್ದರೂ ಚಿಕ್ಕದು. ಮರಗಳೇ ಮಾಡು, ಒಂದು ಕಲ್ಲೇ ಮೂರ್ತಿ.

ಕಾಡಿನೊಡನೆ ಊರಿಗಿದ್ದ ನಂಟು ಸೌಂದರ್ಯದ ಆರಾಧನೆಯಾಗಿರಲಿಲ್ಲ. ಅದು ಕಟ್ಟುಪಾಡುಗಳ ಮತ್ತು ಸರದಿಯ ಕೆಲಸಗಳ ನಂಟು. ಒಳಗೆ ಕೊಡಲಿ ಒಯ್ಯಬಾರದು, ಚಪ್ಪಲಿ ಮೆಟ್ಟಬಾರದು. ಅನೇಕ ಕಡೆ ಬಿದ್ದ ಮರವನ್ನೂ ಮನೆಗೆ ಸಾಗಿಸುವಂತಿಲ್ಲ, ದೇವರ ಕೆಲಸಕ್ಕೆ ಮಾತ್ರ ಬಳಸಬಹುದು. ವಾರ್ಷಿಕ ಹಬ್ಬಕ್ಕೆ ಮೊದಲು ಊರಿಗೆ ‘ಕಟ್ಟು’ ಬೀಳುತ್ತದೆ. ಅದು ಮುಗಿಯುವವರೆಗೆ ಹಸಿಮರ ಕಡಿಯುವಂತಿಲ್ಲ, ಪ್ರಾಣಿ ಕೊಲ್ಲುವಂತಿಲ್ಲ, ಮದುವೆಯಂಥ ಶುಭಕಾರ್ಯಗಳೂ ಇಲ್ಲ. ಹೀಗೆ ವರ್ಷದ ಕೆಲವು ದಿನ ಕಾಡಿನ ನಿಯಮ ಊರಿನ ಅಂಗಳದವರೆಗೂ ಬರುತ್ತದೆ. ಉಸ್ತುವಾರಿ ತಕ್ಕ (ಮುಖ್ಯಸ್ಥ) ಮನೆತನದವರದು. ಹಬ್ಬದಲ್ಲಿ ಯಾವ ಒಕ್ಕ (ಮನೆತನ) ಏನು ಮಾಡಬೇಕು, ಭಂಡಾರ ಯಾರ ಐನ್‌ಮನೆಯಿಂದ (ಪೂರ್ವಜರ ಮನೆ) ಹೊರಡಬೇಕು ಎಂಬುದು ತಲೆಮಾರುಗಳಿಂದ ನಿಶ್ಚಯವಾಗಿರುತ್ತದೆ. ಇದು ಕೊಡವರದಷ್ಟೇ ವ್ಯವಸ್ಥೆಯಲ್ಲ. ವಾದ್ಯ ನುಡಿಸುವ ಮೇದರಿಗೆ, ದೈವದ ತೆರೆ (ವೇಷ) ಕಟ್ಟುವವರಿಗೆ, ಅರೆಭಾಷೆ ಗೌಡರಿಗೆ, ಕುಡಿಯರಿಗೆ, ಎರವರಿಗೆ ಅವರವರ ಪಾಲಿದೆ. ಆ ಪಾಲುಗಳೆಲ್ಲ ಸಮನಾಗಿರಲಿಲ್ಲ. ಮೇಲುಕೀಳಿನ ಲೆಕ್ಕ ದೇವರಕಾಡಿನ ಒಳಗೂ ಇತ್ತು. ಆದರೂ ಪಾಲು ಇದ್ದವನಿಗೆ ಆ ಕಾಡು ಬರಿಯ ಕಾಡಾಗಿರದೆ ತನ್ನದಾಗಿತ್ತು.

ತಿತಿಮತಿಯ ಬಳಿಯ ದೇವರಪುರದಲ್ಲಿ ಈ ನಂಟಿಗೆ ಇನ್ನೊಂದು ರೂಪವಿದೆ. ಮೇ ತಿಂಗಳ ಕುಂಡೆ ಹಬ್ಬದಲ್ಲಿ ಜೇನುಕುರುಬರು, ಎರವರು ಮತ್ತು ಇತರ ಆದಿವಾಸಿಗಳು ವೇಷ ತೊಟ್ಟು ಬಂದು ಅಯ್ಯಪ್ಪನನ್ನು ಬಾಯ್ತುಂಬ ಬಯ್ಯುತ್ತಾರೆ. ತಮ್ಮನ್ನು ಬೇಟೆಗೆ ಕರೆದೊಯ್ದ ದೇವರು ನಡುವೆ ಭದ್ರಕಾಳಿಯ ಬೆನ್ನುಹತ್ತಿ ಹೋಗಿ, ತಮ್ಮನ್ನು ಕಾಡಿನಲ್ಲೇ ಕೈಬಿಟ್ಟನೆಂಬುದು ಬೈಗುಳದ ಹಿಂದಿನ ಕತೆ. ಇದನ್ನು ಹಾಸ್ಯವೆಂದು ನೋಡಿ ನಗುವವರೇ ಹೆಚ್ಚು. ಆದರೆ ಕಾಡಿನಲ್ಲಿ ಕೈಬಿಡುವುದು ಈ ಜನರಿಗೆ ಕತೆ ಮಾತ್ರವಲ್ಲ. ನಾಗರಹೊಳೆ 1955ರಲ್ಲಿ ಅಭಯಾರಣ್ಯವಾಗಿ, ಮುಂದೆ ರಾಷ್ಟ್ರೀಯ ಉದ್ಯಾನವಾದ ಮೇಲೆ ಆದಿವಾಸಿಗಳ ಅನೇಕ ಹಾಡಿಗಳು ಕಾಡಿನಿಂದ ಹೊರಬಿದ್ದವು. ಅವರ ದೈವಗಳ ನೆಲೆಗಳು ಒಳಗೇ ಉಳಿದವು.

ದೇವರಕಾಡುಗಳ ಹುಟ್ಟಿಗೆ ಇಸವಿ ಹೇಳಲಾಗದು. ಕೊಡಗನ್ನು ಆಳಿದ ಹಾಲೇರಿ ಅರಸರ ಕಾಲದಲ್ಲಿ ಅವು ಆಗಲೇ ನೆಲೆ ನಿಂತಿದ್ದವು. ಆ ವಂಶದ ಲಿಂಗರಾಜೇಂದ್ರನ (1811–1820) ಕಾಲದ ಶಿಸ್ತು ಲೆಕ್ಕಗಳು ಕೊಡಗಿನ ಭೂಕಂದಾಯಕ್ಕೆ ತಳಹದಿಯಾದವು. ಕೊಡಗಿನಲ್ಲಿ ಗದ್ದೆ ಒಂಟಿಯಾಗಿ ಬರುತ್ತಿರಲಿಲ್ಲ. ಜಮ್ಮ (ವಂಶಪಾರಂಪರ್ಯದ ಹಿಡುವಳಿ) ಗದ್ದೆಯ ಜೊತೆಗೆ ಸೌದೆಗೆ, ಸೊಪ್ಪಿಗೆ, ದನ ಮೇಯಿಸಲು ಕಾಡುಳ್ಳ ಬಾಣೆ ಇರುತ್ತಿತ್ತು, ಅದಕ್ಕೆ ಕಂದಾಯವಿರಲಿಲ್ಲ. ದಿನಬಳಕೆಯ ಕಾಡು ಬಾಣೆಯಲ್ಲಿ ಸಿಗುತ್ತಿದ್ದ ಕಾರಣಕ್ಕೇ ದೇವರಕಾಡನ್ನು ಮುಟ್ಟದೆ ಇರುವುದು ಊರಿಗೆ ಸಾಧ್ಯವಾಯಿತು. ಭಕ್ತಿಯೊಂದರಿಂದಲೇ ಕಾಡು ಉಳಿಯಿತು ಎನ್ನುವ ವಿವರಣೆಗಳು ಈ ಅಂಶವನ್ನು ಬಿಟ್ಟುಬಿಡುತ್ತವೆ.

1834ರಲ್ಲಿ ಅದೇ ವಂಶದ ಅರಸ ಚಿಕ್ಕವೀರರಾಜೇಂದ್ರನನ್ನು ಇಳಿಸಿ ಬ್ರಿಟಿಷರು ಕೊಡಗನ್ನು ವಶಪಡಿಸಿಕೊಂಡರು. 1854ರಲ್ಲಿ ಮಡಿಕೇರಿಯ ಬಳಿ ಮೊದಲ ಐರೋಪ್ಯ ಕಾಫಿ ತೋಟ ಶುರುವಾಯಿತು. ಅಲ್ಲಿಂದ ಮುಂದೆ ಇಳಿಜಾರಿನ ಕಾಡಿಗೆ ಬೆಲೆ ಬಂತು. ಬಾಣೆಗಳು ಒಂದೊಂದಾಗಿ ತೋಟಗಳಾದವು. ಸೌದೆ, ಸೊಪ್ಪಿನ ನೆಲ ಕುಗ್ಗಿದಷ್ಟೂ ದೇವರಕಾಡಿನ ಮೇಲೆ ಕಣ್ಣು ಬಿತ್ತು. ಬ್ರಿಟಿಷ್ ಭಾರತದ ಮೊದಲ ಅರಣ್ಯ ಮಹಾನಿರೀಕ್ಷಕ ಡೀಟ್ರಿಶ್ ಬ್ರಾಂಡಿಸ್ ದೇಶದ ಪವಿತ್ರ ಬನಗಳ ಬಗ್ಗೆ ಬರೆಯುವಾಗ ಕೊಡಗಿನ ದೇವರಕಾಡುಗಳನ್ನು ಹೆಸರಿಸಿದ. ಅರಣ್ಯಾಧಿಕಾರಿಗಳಿಗೆ ಇವುಗಳ ಮಹತ್ವ ತಿಳಿದಿರಲಿಲ್ಲ ಎನ್ನುವಂತಿಲ್ಲ. ಆದರೂ 20ನೇ ಶತಮಾನದ ಆರಂಭದಲ್ಲಿ ಅವು ಅರಣ್ಯ ಇಲಾಖೆಯಿಂದ ಕಂದಾಯ ಇಲಾಖೆಯ ಕೈಗೆ ಹೋದವು. ಕಂದಾಯದವರ ಕಣ್ಣಿಗೆ ಬೆಳೆಯಿಲ್ಲದ ಕಾಡು ಬರಿಯ ಸರ್ಕಾರಿ ಜಾಗ. ಊರಿನವರ ಕೈಯಲ್ಲಿ ಹಬ್ಬ ಉಳಿಯಿತು, ಪಹಣಿ ಉಳಿಯಲಿಲ್ಲ.

ಇದರ ಫಲ ಅಂಕಿಗಳಲ್ಲಿದೆ. 1905ರಲ್ಲಿ ದೇವರಕಾಡುಗಳ ವಿಸ್ತೀರ್ಣ 15,506 ಎಕರೆ. 1985ರಲ್ಲಿ 6,299 ಎಕರೆ. ಪಾಂಡಿಚೇರಿಯ ಫ್ರೆಂಚ್ ಸಂಸ್ಥೆಗಾಗಿ ಸಂಶೋಧಕ ಎಂ.ಎ. ಕಲಾಂ 1996ರಲ್ಲಿ ಪ್ರಕಟಿಸಿದ ಅಧ್ಯಯನ ಈ ಇಳಿಕೆಯ ಸಾಮಾಜಿಕ ಚರಿತ್ರೆಯನ್ನು ಹೇಳುತ್ತದೆ. ಎಂಬತ್ತು ವರ್ಷದಲ್ಲಿ ಅರ್ಧಕ್ಕಿಂತ ಹೆಚ್ಚು ಹೋಯಿತು. ಅಂಚಿನ ತೋಟದ ಬೇಲಿ ಪ್ರತಿವರ್ಷ ಒಂದಿಷ್ಟು ಒಳಗೆ ಸರಿದದ್ದು ಒಂದು ಬಗೆ, ಕೂಲಿಗೆ ಬಂದ ನೆಲವಿಲ್ಲದವರು ಗುಡಿಸಲು ಹಾಕಿಕೊಂಡದ್ದು ಇನ್ನೊಂದು. ಎರಡನ್ನೂ ಒತ್ತುವರಿ ಎಂದೇ ಕರೆಯುವುದು ರೂಢಿ. ತೆರವಿನ ಮಾತು ಬಂದಾಗ ಗುಡಿಸಲಿನವನ ಹೆಸರು ಮೊದಲು ಕೇಳಿಬರುತ್ತದೆ, ತೋಟದವನದು ತಡವಾಗಿ.

ಕಾಡು ಕುಗ್ಗುತ್ತಿದ್ದ ಕಾಲದಲ್ಲೇ ದೇವರೂ ಬದಲಾಗುತ್ತಿದ್ದ. ಕೊಡವರ ಧರ್ಮ ಮತ್ತು ಸಮಾಜದ ಬಗ್ಗೆ ಎಂ.ಎನ್. ಶ್ರೀನಿವಾಸ್ 1952ರಲ್ಲಿ ಪ್ರಕಟಿಸಿದ ಗ್ರಂಥದಿಂದಲೇ ‘ಸಂಸ್ಕೃತೀಕರಣ’ ಎಂಬ ಕಲ್ಪನೆ ಸಮಾಜಶಾಸ್ತ್ರದಲ್ಲಿ ಪ್ರಚಾರಕ್ಕೆ ಬಂದದ್ದು. ಸ್ಥಳೀಯ ದೈವಗಳು ಅಖಿಲ ಭಾರತ ದೇವತೆಗಳ ಹೆಸರು, ಪೂಜಾಕ್ರಮ ಪಡೆಯುವ ಆ ಬದಲಾವಣೆ ದೇವರಕಾಡಿನ ನೆಲದ ಮೇಲೂ ಕಾಣುತ್ತದೆ. ಜೀರ್ಣೋದ್ಧಾರವೆಂದರೆ ಅನೇಕ ಕಡೆ ಕಾಂಕ್ರೀಟಿನ ಗುಡಿ, ಹೆಂಚಿನ ಮಂಟಪ, ಅಲ್ಲಿಯವರೆಗೆ ವಾಹನ ಹೋಗುವ ರಸ್ತೆ. ಅಷ್ಟಕ್ಕೆಲ್ಲ ಜಾಗ ಬಿಡಬೇಕಾದದ್ದು ಮರಗಳೇ. ಗುಡಿ ದೊಡ್ಡದಾದಷ್ಟೂ ಭಕ್ತಿ ಹೆಚ್ಚಿತೆಂದು ಊರು ಹೆಮ್ಮೆಪಟ್ಟಿತು. ದೇವರ ಮನೆ ಕಾಡೇ ಆಗಿತ್ತೆಂಬ ಹಳೆಯ ತಿಳಿವಳಿಕೆ ಈ ಹೆಮ್ಮೆಯಲ್ಲಿ ಮಸುಕಾಯಿತು. ಒತ್ತುವರಿಗಿಂತ ಇದು ಆಳವಾದ ನಷ್ಟ, ಏಕೆಂದರೆ ಇದಕ್ಕೆ ಆಕ್ಷೇಪಿಸುವವರೇ ಇರುವುದಿಲ್ಲ.

1985ರಲ್ಲಿ ದೇವರಕಾಡುಗಳು ಮತ್ತೆ ಅರಣ್ಯ ಇಲಾಖೆಗೆ ಸೇರಿದವು. ನಂತರದ ವರ್ಷಗಳಲ್ಲಿ ಪೊನ್ನಂಪೇಟೆಯ ಅರಣ್ಯ ಮಹಾವಿದ್ಯಾಲಯದ ಸಿ.ಜಿ. ಕುಶಾಲಪ್ಪ ಮತ್ತು ಸಂಗಡಿಗರು ಇವುಗಳ ಸಸ್ಯ, ಪ್ರಾಣಿ, ಆಚರಣೆಗಳನ್ನು ದಾಖಲಿಸಿದರು. ಸಂಶೋಧಕ ಶೋನಿಲ್ ಭಾಗವತ್ ಅವರೊಡನೆ ನಡೆಸಿ 2005ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ ಮೀಸಲು ಅರಣ್ಯ, ದೇವರಕಾಡು, ಕಾಫಿ ತೋಟ ಮೂರನ್ನೂ ಮರ, ಹಕ್ಕಿ, ಅಣಬೆಗಳ ಲೆಕ್ಕದಲ್ಲಿ ಹೋಲಿಸಿ ನೋಡಲಾಯಿತು. ಕೆಲವೇ ಎಕರೆಯ ಬನಗಳೂ ಜೀವವೈವಿಧ್ಯಕ್ಕೆ ಬೆಲೆಯುಳ್ಳವು ಎಂಬುದು ಅದರಿಂದ ತಿಳಿದುಬಂತು. ಸುತ್ತಲಿನ ತೋಟಗಳಲ್ಲಿ ನಾಡಮರಗಳ ನೆರಳು ಉಳಿದಿರುವುದೂ ಇದಕ್ಕೆ ನೆರವು. ಆ ಮರಗಳನ್ನು ತೆಗೆದು ಸಿಲ್ವರ್ ಓಕ್ ಹಾಕಿದ ಕಡೆ ಬನ ಒಂಟಿ ದ್ವೀಪವಾಗುತ್ತದೆ.

ಕೊಡಗಿನ ಅನೇಕ ಕುಟುಂಬಗಳು ಈಗ ಬೆಂಗಳೂರು, ಮೈಸೂರು ಅಥವಾ ಹೊರದೇಶಗಳಲ್ಲಿವೆ. ಊರಿನ ದೇವರ ಹಬ್ಬಕ್ಕೆ ಅವರು ಬರುತ್ತಾರೆ, ವಂತಿಗೆ ಕೊಡುತ್ತಾರೆ. ವಂತಿಗೆ ಹೋಗುವುದು ಬಹುಪಾಲು ಗುಡಿಗೆ. ಕಾಡಿನ ಪಾಲಿಗೆ ದೇವರಕಾಡು ಸಮಿತಿಗಳಿವೆ, ಅರಣ್ಯ ಇಲಾಖೆಯ ಗಡಿ ಸರ್ವೆ ಮತ್ತು ಬೇಲಿಯ ಕೆಲಸವಿದೆ. ರಾಜಸ್ಥಾನದ ಪವಿತ್ರ ಬನಗಳ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ 2024ರ ಡಿಸೆಂಬರಿನಲ್ಲಿ ಅಲ್ಲಿನ ಬನಗಳ ಗಡಿಯನ್ನು ಗುರುತಿಸಿ ದಾಖಲಿಸಲು ಆದೇಶಿಸಿತು. ಇಂಥ ಬನಗಳಿಗೆ ದೇಶಕ್ಕೆಲ್ಲ ಒಂದು ನೀತಿ ರೂಪಿಸಬೇಕೆಂದು ಕೇಂದ್ರಕ್ಕೆ ಶಿಫಾರಸನ್ನೂ ಮಾಡಿತು. ಕೊಡಗಿನ ಪಟ್ಟಿ ಬಹುಮಟ್ಟಿಗೆ ಸಿದ್ಧವಾಗಿಯೇ ಇದೆ. ಪಟ್ಟಿಯ ಎಕರೆಗಳನ್ನು ನೆಲದ ಮೇಲಿನ ಗಡಿಕಲ್ಲಿಗೆ ತಾಳೆ ಹಾಕುವ ಕೆಲಸ ಊರೂರಿನಲ್ಲಿ ಬಾಕಿ ಇದೆ.