ಡ್ಯೂಕೊ, ಬೆರಳು ಮತ್ತು ಒಂದು ಗೀರು

ಹೋದ ತಿಂಗಳು ಒಂದು ಭಾನುವಾರ ನನಗೆ ಎಲ್ಲಿಲ್ಲದ ಉಮೇದು ಬಂತು. ಅಪ್ಪನ ಹಳೇ ಕಪ್ಪು ಕಾರಿನ ಎಡಬಾಗಿಲ ಹ್ಯಾಂಡಲ್ ಹಿಂದೆ, ಬೆರಳು ತೂರಿಸಲು ಒಂದು ಗುಳಿ ಇದೆಯಲ್ಲ, ಅದರ ತುಂಬಾ ಗೀರುಗಳು. ಹನ್ನೆರಡು ವರ್ಷ ಅಮ್ಮನ ಉಂಗುರ ಉಜ್ಜಿ ಉಜ್ಜಿ ಜೇಡರ ಬಲೆ ಕಟ್ಟಿದ ಹಾಗೆ ಆಗಿತ್ತು. ಬಿಸಿಲು ಬಿದ್ದರೆ ಅದೇ ಮೊದಲು ಕಾಣೋದು. ಇಂಜಿನಿಯರಿಂಗ್ ಓದಿದವನಿಗೆ ಇಷ್ಟೂ ಆಗಲ್ವಾ ಅಂದುಕೊಂಡು, ಡ್ರಿಲ್ಲಿಂಗ್ ಮಿಷನ್ನಿಗೆ ಒಂದು ಸ್ಪಂಜಿನ ಪ್ಯಾಡ್ ಸಿಕ್ಕಿಸಿ, ಪಾಲಿಶ್ ಹಚ್ಚಿ ಶುರುಮಾಡಿದೆ.

ಪ್ಯಾಡು ಗುಳಿಯ ಒಳಗೆ ಹೋಗಲೇ ಇಲ್ಲ. ಗುಳಿಯ ಅಂಚಿಗೆ ಒತ್ತಿಕೊಂಡು ತಿರುಗಿತು. ಹತ್ತು ಸೆಕೆಂಡು ಇರಬಹುದು. ಒರೆಸಿ ನೋಡಿದರೆ ಅಂಚಿನ ಮೇಲೆ ಅಕ್ಕಿಕಾಳಿನಷ್ಟು ಬೂದು ಬಣ್ಣ. ಪ್ರೈಮರ್! ಗೀರುಗಳು ಮಾತ್ರ ಗುಳಿಯೊಳಗೆ ಆರಾಮಾಗಿ ಇದ್ದವು :-)

ಅಪ್ಪ ಏನೂ ಅನ್ನಲಿಲ್ಲ. ಅದೇ ಕಷ್ಟ. ಬೈದಿದ್ದರೆ ಎಷ್ಟೋ ವಾಸಿಯಿತ್ತು.

ಮನೆ ಹತ್ತಿರ ಟಿಂಕರಿಂಗ್-ಪೇಂಟಿಂಗ್ ಮಾಡುವ ಒಬ್ಬರು ಹಿರಿಯರ ಹತ್ತಿರ ತೋರಿಸಿದೆ. ಅವರು ಕನ್ನಡಕ ಏರಿಸಿ ನೋಡಿ, "ಏನ್ ಸಾರ್, ಮೂಲೆಗೆ ಯಾರಾದ್ರೂ ಮಿಷನ್ ಹಾಕ್ತಾರಾ? ಅಲ್ಲಿಗೆ ಬೆರಳೇ ಸಾರ್. ನಮ್ ಕಾಲದ್ ಡ್ಯೂಕೊ ಆಗಿದ್ರೆ ಒಂದ್ ಕೋಟ್ ಹೊಡ್ದು ಉಜ್ಜಿದ್ರೆ ಗೊತ್ತೇ ಆಗ್ತಿರ್ಲಿಲ್ಲ. ಈಗಿಂದು ಹಾಗಲ್ಲ" ಅಂದರು.

ಡ್ಯೂಕೊ! ಈ ಪದ ನೀವೂ ಕೇಳಿರುತ್ತೀರಿ. ಕಬ್ಬಿಣದ ಬೀರು, ಅಡುಗೆಮನೆಯ ಕಪಾಟಿನ ಬಾಗಿಲು, ಎಲ್ಲಕ್ಕೂ ನಮ್ಮಲ್ಲಿ "ಡ್ಯೂಕೊ ಪೇಂಟ್" ಅನ್ನುತ್ತಾರೆ. ಅದು ಬಣ್ಣದ ಜಾತಿಯ ಹೆಸರು ಅಂತಲೇ ನಾನು ಇಷ್ಟು ದಿನ ತಿಳಿದಿದ್ದೆ. ಹುಡುಕಿಕೊಂಡು ಹೋದರೆ, ಆ ಬೂದು ಚುಕ್ಕೆ ನನ್ನನ್ನು ನೂರು ವರ್ಷ ಹಿಂದಕ್ಕೆ ಕರೆದುಕೊಂಡು ಹೋಯಿತು.

ಮೊದಮೊದಲ ಕಾರುಗಳಿಗೆ ಬಣ್ಣ ಹಚ್ಚುತ್ತಿದ್ದವರು ಕುದುರೆ ಸಾರೋಟಿಗೆ ಹಚ್ಚುತ್ತಿದ್ದವರೇ. ಎಣ್ಣೆ ಬಣ್ಣ, ವಾರ್ನಿಷ್, ಎಲ್ಲವೂ ಬ್ರಷ್ಷಿನಲ್ಲಿ. ಒಂದು ಪದರ ಹಚ್ಚಬೇಕು, ದಿನಗಟ್ಟಲೆ ಒಣಗಿಸಬೇಕು, ಪ್ಯೂಮಿಸ್ ಕಲ್ಲಿನ ಪುಡಿ ಮತ್ತು ನೀರು ಹಾಕಿ ಕೈಯಲ್ಲಿ ಉಜ್ಜಿ ನಯ ಮಾಡಬೇಕು, ಮತ್ತೆ ಇನ್ನೊಂದು ಪದರ. ಕೊನೆಯ ವಾರ್ನಿಷ್ ತಾನಾಗೇ ಹರಡಿಕೊಂಡು ಹೊಳೆಯುತ್ತಿತ್ತು. ಒಂದು ಒಳ್ಳೆಯ ಕಾರು ಮುಗಿಯಲು ವಾರಗಟ್ಟಲೆ ಹಿಡಿಯುತ್ತಿತ್ತು. ಚಕ್ರದ ಕಡ್ಡಿಗಳ ಸಂದು, ಬಾಗಿಲ ಪಟ್ಟಿಯ ಮೂಲೆ, ಎಲ್ಲಕ್ಕೂ ಬೆರಳೇ ಗತಿ. ಆಗ ಇಡೀ ಕಾರೇ ಕೈಕೆಲಸ ಆಗಿದ್ದರಿಂದ ಮೂಲೆ ಬೇರೆ, ಬಯಲು ಬೇರೆ ಅನ್ನೋ ಭೇದ ಇರಲಿಲ್ಲ.

ತೊಂದರೆ ಶುರುವಾಗಿದ್ದು ವೇಗ ಬಂದಾಗ. ಫೋರ್ಡ್ ಕಂಪನಿ 1913ರಲ್ಲಿ ಚಲಿಸುವ ಅಸೆಂಬ್ಲಿ ಲೈನ್ ತಂದಿತು. ಹನ್ನೆರಡು ಗಂಟೆಗೂ ಹೆಚ್ಚು ಹಿಡಿಯುತ್ತಿದ್ದ ಚಾಸಿ ಜೋಡಣೆ ಮರುವರ್ಷದ ಹೊತ್ತಿಗೆ 93 ನಿಮಿಷಕ್ಕೆ ಇಳಿಯಿತು. ಕಾರು ಒಂದೂವರೆ ಗಂಟೆಯಲ್ಲಿ ರೆಡಿ, ಬಣ್ಣ ಒಣಗಲು ಮಾತ್ರ ವಾರಗಳು ಅಂದರೆ ಹೇಗೆ? ನಮ್ಮ ಭಾಷೆಯಲ್ಲಿ ಹೇಳಬೇಕೆಂದರೆ ಪೇಂಟಿಂಗೇ ಬಾಟಲ್‌ನೆಕ್. ಮಾಡೆಲ್ ಟಿ 1914ರಿಂದ 1925ರವರೆಗೆ ಬರೀ ಕಪ್ಪು ಬಣ್ಣದಲ್ಲೇ ಬಂತು.

ಬಿಡುಗಡೆ ಬಂದಿದ್ದು ಸಿಡಿಮದ್ದಿನ ಮನೆಯಿಂದ! ಮೊದಲ ಮಹಾಯುದ್ಧ ಮುಗಿದಾಗ ಡುಪಾಂಟ್ ಕಂಪನಿಯ ಹತ್ತಿರ ನೈಟ್ರೋಸೆಲ್ಯುಲೋಸ್ ತಯಾರಿಸುವ ಭಾರೀ ಸಾಮರ್ಥ್ಯ ಉಳಿದಿತ್ತು. ಹತ್ತಿಗೆ ನೈಟ್ರಿಕ್ ಆಮ್ಲ ಸೇರಿಸಿ ಮಾಡುವ ಈ ವಸ್ತು ಹೊಗೆಯಿಲ್ಲದ ಸಿಡಿಮದ್ದಿನ ಮೂಲ, ಆ ಕಾಲದ ಸಿನಿಮಾ ಫಿಲಂನ ಮೂಲವೂ ಅದೇ. ಅದರಿಂದ ಬಣ್ಣ ಮಾಡಲು ಹೋದರೆ ದ್ರಾವಣ ವಿಪರೀತ ಗಟ್ಟಿ. ತೆಳ್ಳಗೆ ಮಾಡಿ ಹೊಡೆದರೆ ಪದರವೇ ನಿಲ್ಲುತ್ತಿರಲಿಲ್ಲ. 1920ರಲ್ಲಿ ನ್ಯೂಜೆರ್ಸಿಯ ಪಾರ್ಲಿನ್‌ನಲ್ಲಿದ್ದ ಅವರ ಕಾರ್ಖಾನೆಯಲ್ಲಿ, ಬೇಸಿಗೆ ಬಿಸಿಯಲ್ಲಿ ಹಾಗೇ ಉಳಿದುಹೋಗಿದ್ದ ಒಂದು ಡ್ರಮ್ಮಿನ ದ್ರಾವಣ ನೀರಾಗಿ, ಆದರೆ ಸತ್ವ ಕಳೆದುಕೊಳ್ಳದೆ ಸಿಕ್ಕಿತು. ಅದರಿಂದ ಹುಟ್ಟಿದ ಲ್ಯಾಕರ್‌ಗೆ ಇಟ್ಟ ಹೆಸರು ಡ್ಯೂಕೊ. ಜನರಲ್ ಮೋಟಾರ್ಸ್‌ನ ಓಕ್‌ಲ್ಯಾಂಡ್ ಕಾರು 1924ರ ಮಾಡೆಲ್‌ಗೆ ಈ ಬಣ್ಣ ಬಳಿದುಕೊಂಡು ನೀಲಿಯಾಗಿ ಬಂತು.

ಇದರ ಸುತ್ತ ಒಂದು ಕಥೆ ಇದೆ. ಜನರಲ್ ಮೋಟಾರ್ಸ್‌ನ ಸಂಶೋಧನೆಯ ಮುಖ್ಯಸ್ಥ ಚಾರ್ಲ್ಸ್ ಕೆಟರಿಂಗ್, ಬಣ್ಣ ಅಷ್ಟು ಬೇಗ ಒಣಗೋಕೆ ಸಾಧ್ಯವೇ ಇಲ್ಲ ಅಂದವನೊಬ್ಬನನ್ನು ಊಟಕ್ಕೆ ಕರೆದೊಯ್ದನಂತೆ. ಊಟ ಮುಗಿಸಿ ಬಂದರೆ ಆ ಮನುಷ್ಯನ ಕಾರೇ ಕಾಣಿಸಲಿಲ್ಲ. ಇವರು ಊಟ ಮಾಡುವಷ್ಟರಲ್ಲಿ ಅದರ ಬಣ್ಣ ಬದಲಾಗಿ ಒಣಗಿಯೂ ಹೋಗಿತ್ತಂತೆ! ಎಷ್ಟು ನಿಜವೋ, ಕೇಳೋಕಂತೂ ಚೆನ್ನಾಗಿದೆ.

ಆದರೆ ಡ್ಯೂಕೊಗೆ ಒಂದು ಗುಣ ಇತ್ತು. ಗನ್ನಿನಿಂದ ಹೊಡೆದಾಗ ಮಂಕಾಗಿಯೇ ಒಣಗುತ್ತಿತ್ತು. ಹೊಳಪು ಬೇಕಾದರೆ ರಬ್ಬಿಂಗ್ ಕಾಂಪೌಂಡ್ ಹಾಕಿ ಉಜ್ಜಲೇಬೇಕು. ಹಿಂದೆ ಪದರ ಪದರದ ನಡುವೆ ಇದ್ದ ಉಜ್ಜುವ ಕೆಲಸ ಈಗ ಕಟ್ಟಕಡೆಗೆ, ಹೊಳಪಿಗಾಗಿಯೇ ಬಂತು. ಬಾನೆಟ್ಟು, ಟಾಪು ಇಂಥ ಬಯಲಿಗೆ ಕ್ರಮೇಣ ತಿರುಗುವ ಮಿಷನ್ನು ಬಂತು. ಮೂಲೆಗಳು ಮಾತ್ರ ಕೈಗೇ ಉಳಿದವು. ಮೂಲೆ ಮತ್ತು ಬಯಲು ಬೇರೆಯಾಗಿದ್ದು ಇಲ್ಲಿಯೇ ಅನ್ನಿಸುತ್ತೆ.

ಇದೇ ಹೊತ್ತಿಗೆ ತ್ರೀಎಂ ಕಂಪನಿ ಕಾರು ಪೇಂಟರ್‌ಗಳಿಗೆ ಎರಡು ಸಾಮಾನು ಕೊಟ್ಟಿತು. ಒಂದು, 1921ರಲ್ಲಿ ಬಂದ ನೀರಲ್ಲಿ ನೆನೆಸಿ ಉಜ್ಜುವ ಉಪ್ಪುಕಾಗದ. ಅಂಥದ್ದನ್ನು ನಮ್ಮ ಗ್ಯಾರೇಜುಗಳಲ್ಲಿ ವಾಟರ್ ಪೇಪರ್ ಅನ್ನುತ್ತಾರೆ. ಒಣ ಕಾಗದದ ಧೂಳು ಕುಡಿಯುತ್ತಿದ್ದವರಿಗೆ ಅದು ಉಸಿರು ಕೊಟ್ಟಿತು. ಅದರ ಸ್ಯಾಂಪಲ್ ಹಿಡಿದು ಸೇಂಟ್ ಪಾಲ್ ಊರಿನ ಗ್ಯಾರೇಜಿಗೆ ಹೋಗಿದ್ದ ಹುಡುಗ ರಿಚರ್ಡ್ ಡ್ರೂ. ಮೆಕ್ಯಾನಿಕಲ್ ಇಂಜಿನಿಯರಿಂಗ್ ಅರ್ಧಕ್ಕೆ ಬಿಟ್ಟವನು, ಬ್ಯಾಂಜೊ ನುಡಿಸುತ್ತಿದ್ದವನು. ಎರಡು ಬಣ್ಣದ ಕಾರು ಮಾಡಲು ಅಂಟಿಸಿದ್ದ ಕಾಗದ ಕಿತ್ತಾಗ ಬಣ್ಣವೂ ಕಿತ್ತು ಬಂದು, ಪೇಂಟರ್ ಶಾಪ ಹಾಕುತ್ತಿದ್ದುದನ್ನು ನೋಡಿದ. 1925ರಲ್ಲಿ ಮಾಸ್ಕಿಂಗ್ ಟೇಪ್ ಮಾಡಿದ. ಡಿಗ್ರಿ ಮುಗಿಸಿದ ನಾನು ಮಾಡಿದ್ದು ಬೂದು ಚುಕ್ಕೆ. ಹೋಗಲಿ ಬಿಡಿ.

ಈಗ ನನ್ನ ಚುಕ್ಕೆಗೆ ಬರೋಣ. ಲ್ಯಾಕರ್ ಒಣಗುವುದು ಅದರೊಳಗಿನ ಥಿನ್ನರ್ ಆರಿ. ಹಾಗಾಗಿ ಮೇಲೆ ಹೊಸ ಕೋಟ್ ಹೊಡೆದರೆ ಹಳೆಯದು ಸ್ವಲ್ಪ ಕರಗಿ ಎರಡೂ ಒಂದಾಗುತ್ತವೆ. ಅಂಚಲ್ಲಿ ಉಜ್ಜಿ ಹೋದರೂ ಇನ್ನೊಂದು ಕೋಟ್ ಹೊಡೆದು ಪಾಲಿಶ್ ಮಾಡಿದರೆ ಸೇರಿಕೊಳ್ಳುತ್ತಿತ್ತು. ಆ ಹಿರಿಯರು ಹೇಳಿದ್ದು ಇದನ್ನೇ. 1980ರ ದಶಕದಿಂದ ಎಲ್ಲೆಡೆ ಹರಡಿದ ಪದ್ಧತಿ ಬೇರೆ: ಕೆಳಗೆ ಬಣ್ಣ, ಮೇಲೆ ಪಾರದರ್ಶಕ ಕ್ಲಿಯರ್ ಕೋಟ್. ಇದು ರಾಸಾಯನಿಕವಾಗಿ ಹೆಣೆದುಕೊಂಡು ಗಟ್ಟಿಯಾಗುತ್ತೆ, ಮತ್ತೆ ಕರಗಲ್ಲ. ಮಳೆ ಬಿಸಿಲಿಗೆ ಗಟ್ಟಿ ಹೌದು. ಆದರೆ ತಪ್ಪನ್ನು ಮನ್ನಿಸೋದಿಲ್ಲ. ತೇಪೆ ಹಾಕಿದರೆ ತೇಪೆಯ ಗಡಿ ಕಾಣುತ್ತೆ.

ಅದರ ದಪ್ಪ ಎಷ್ಟು ಗೊತ್ತಾ? ಸುಮಾರು 40ರಿಂದ 50 ಮೈಕ್ರಾನ್. ತಲೆಗೂದಲಿಗಿಂತ ತೆಳು. ಅಂಚಿನಲ್ಲಿ ಇನ್ನೂ ಕಮ್ಮಿ, ಯಾಕೆಂದರೆ ಹಸಿ ಬಣ್ಣ ಮೇಲ್ಮೈ ಸೆಳೆತದಿಂದ ಚೂಪಾದ ಅಂಚು ಬಿಟ್ಟು ಆಚೀಚೆ ಸರಿಯುತ್ತೆ. ಮಿಷನ್ನಿನ ಒತ್ತಡವೂ ಬಿಸಿಯೂ ಮಾತ್ರ ಸರಿಯಾಗಿ ಆ ಅಂಚಿನ ಮೇಲೇ ಕೂರುತ್ತೆ. ಇದು ನನಗೆ ಮೊದಲೇ ಗೊತ್ತಿರಬೇಕಿತ್ತು.

ಇನ್ನೊಂದು ವಿಷಯ. ಪಾಲಿಶ್ ಅಂದರೆ ಗೀರನ್ನು ತುಂಬುವುದು ಅಂದುಕೊಂಡಿದ್ದೆ. ಅಲ್ಲ. ಗೀರಿನ ತಳದ ಮಟ್ಟಕ್ಕೆ ಸುತ್ತಲಿನ ಕ್ಲಿಯರ್ ಕೋಟನ್ನು ತಗ್ಗಿಸುವುದು. ಪ್ರತಿ ಸಲ ಹೊಳಪು ಬಂದಾಗಲೂ ಸ್ವಲ್ಪ ಬಣ್ಣದ ಆಯುಸ್ಸು ಕೊಟ್ಟಿರುತ್ತೇವೆ. ಅದಕ್ಕೇ ಉಗುರು ಸಿಕ್ಕಿಕೊಳ್ಳುವಷ್ಟು ಆಳದ ಗೀರನ್ನು ಬಿಟ್ಟುಬಿಡು ಅನ್ನೋದು ಕಸುಬಿನ ನಿಯಮ.

ಆ ಹಿರಿಯರು ಗುಳಿಯ ಅಂಚಿಗೆ ಮಾಸ್ಕಿಂಗ್ ಟೇಪ್ ಅಂಟಿಸಿದರು. ಬಣ್ಣ ತಾಗಬಾರದು ಅಂತ ಹುಟ್ಟಿದ ಟೇಪು ಇಲ್ಲಿ ಬಣ್ಣ ಹೋಗಬಾರದು ಅಂತ ಕಾಯುತ್ತಿತ್ತು. ಹಳೇ ಬನಿಯನ್ ಬಟ್ಟೆಯನ್ನು ತೋರುಬೆರಳಿಗೆ ಸುತ್ತಿ, ಹೆಸರುಕಾಳಿನಷ್ಟು ಕಾಂಪೌಂಡ್ ಹಚ್ಚಿ, ಹ್ಯಾಂಡಲ್ ಎತ್ತಿ ಹಿಡಿದು ಮೆತ್ತಗೆ ಹಿಂದೆ ಮುಂದೆ ಉಜ್ಜಿದರು. ನಡುನಡುವೆ ಒರೆಸಿ ನೋಡೋರು. ಕಾಲು ಗಂಟೆಯಲ್ಲಿ ಜೇಡರ ಬಲೆ ಮಾಯ. ಎರಡು ಆಳದ ಗೀರು ಉಳಿಸಿದರು, "ಇರ್ಲಿ ಸಾರ್" ಅಂತ. ನನ್ನ ಬೂದು ಚುಕ್ಕೆಗೆ ಸಣ್ಣ ಬ್ರಷ್ಷಿನಲ್ಲಿ ಟಚಪ್ ಇಟ್ಟರು. ಹತ್ತಿರ ಹೋದರೆ ಈಗಲೂ ಕಾಣುತ್ತೆ.

ಸಂಜೆ ಅಮ್ಮನಿಗೆ ತೋರಿಸಿದೆ. "ಚೆನ್ನಾಗಾಯ್ತಲ್ಲೋ" ಅಂದು, ಅದೇ ಉಂಗುರದ ಕೈಯನ್ನು ಗುಳಿಗೆ ಹಾಕಿ ಬಾಗಿಲು ತೆಗೆದು ಕೂತರು. ವಾರ ಕಳೆಯುವಷ್ಟರಲ್ಲಿ ಹೊಸದೊಂದು ಗೀರು ಬಂದಿದೆ. ಅಲ್ಲಿ ಉಳಿದಿರುವ ಮೈಕ್ರಾನುಗಳ ಲೆಕ್ಕ ಹಾಕಿ ಸುಮ್ಮನಾಗಿದ್ದೇನೆ.